ಎರಡನೇ ಸೆಟ್ಟರ್: ಕಾಲೇಜು ವಾಲಿಬಾಲ್ ಕೋಚ್ ಒಬ್ಬರ 14 ವರ್ಷ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಕಾಲೇಜು ಯಾವುದು, ಟೂರ್ನಿ ಯಾವುದು ಅಂತಲೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕೋಚ್‌ರನ್ನು ಮೇಡಂ ಅಂತಲೇ ಬರೆಯುತ್ತೇನೆ, ನಾವೆಲ್ಲ ಕರೆಯುತ್ತಿದ್ದದ್ದೂ ಹಾಗೇ. ನಾನು 11 ವರ್ಷ ಅವರ ಸಹಾಯಕನಾಗಿದ್ದೆ. ಬೆಂಚಿನ ತುದಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗೆರೆ ಹಾಕುವುದು ನನ್ನ ಕೆಲಸ. ಪ್ರತಿ ರಿಸೀವ್‌ಗೆ ಒಂದು ಗೆರೆ, ಪ್ರತಿ ತಪ್ಪಿಗೆ ಒಂದು ಅಡ್ಡಗೆರೆ. ರಿಸೀವ್ ಅಂದರೆ ಎದುರಾಳಿಯ ಸರ್ವಿಸನ್ನು ಎತ್ತಿಕೊಳ್ಳುವ ಮೊದಲ ಮುಟ್ಟು. ಮೇಡಂ ಬಗ್ಗೆ ನನಗೆ ಪ್ರೀತಿ ಇದೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಗೆರೆಗಳನ್ನು ಮಾತ್ರ ನಂಬಬಹುದು.

ಹಿನ್ನೆಲೆ

ಮೇಡಂ ಸ್ವತಃ ಸೆಟ್ಟರ್ ಆಗಿ ಆಡಿದವರು. ಸೆಟ್ಟರ್ ಅಂದರೆ ತಂಡದ ಎರಡನೇ ಮುಟ್ಟಿನಲ್ಲಿ ಚೆಂಡನ್ನು ಹೊಡೆಯುವವರಿಗೆ ಎತ್ತಿ ಕೊಡುವವಳು. ಆಡಿದ್ದು ಹಳೆಯ ಅಂಕ ಪದ್ಧತಿಯಲ್ಲಿ. ಈಗಿನ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಐದನೇ ಸೆಟ್ ಬಿಟ್ಟರೆ ಉಳಿದ ಸೆಟ್ಟುಗಳಲ್ಲಿ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಸರ್ವಿಸ್ ನೆಟ್ಟಿಗೆ ಹೊಡೆದರೆ ಸರ್ವಿಸ್ ಹೋಗುತ್ತಿತ್ತು, ಅಂಕ ಹೋಗುತ್ತಿರಲಿಲ್ಲ. 1999ರಲ್ಲಿ ನಿಯಮ ಬದಲಾಯಿತು. ಅಲ್ಲಿಂದ ಪ್ರತಿ ರ‍್ಯಾಲಿಗೂ ಅಂಕ. ಮೊದಲ ನಾಲ್ಕು ಸೆಟ್ 25ಕ್ಕೆ, ಐದನೆಯದು 15ಕ್ಕೆ. ಆಟ ಚುರುಕಾಯಿತು, ಆದರೆ ಹೊಸಬಳನ್ನು ಅಂಕಣಕ್ಕೆ ಇಳಿಸುವಾಗ ಕೋಚ್‌ನ ಎದೆ ಢವಢವ ಅನ್ನುವುದೂ ಜಾಸ್ತಿಯಾಯಿತು. ಅವಳು ಮಾಡುವ ಪ್ರತಿ ತಪ್ಪೂ ನೇರ ಬೋರ್ಡಿನ ಮೇಲೆ ಬೀಳುತ್ತದೆ. ಮೇಡಂ ಕೋಚ್ ಆದಾಗ ಈ ಭಯ ಅವರಲ್ಲಿ ಗಟ್ಟಿಯಾಗಿ ಕೂತಿತ್ತು ಅಂತ ನನ್ನ ಅನಿಸಿಕೆ. ಚೆನ್ನಾಗಿ ಆಡುವ ಆರು ಜನ ಸಿಕ್ಕರೆ ಅವರನ್ನು ಅಲ್ಲಾಡಿಸಬಾರದು ಅನ್ನುವುದು ಅವರ ನಂಬಿಕೆ.

ಮೊದಲ ಮೂರು ವರ್ಷದ ಬಗ್ಗೆ ಹೇಳುವಂಥದ್ದು ಏನಿಲ್ಲ. ಬರೀ ಸೋಲು.

ನಾಲ್ಕನೇ ವರ್ಷ ಒಬ್ಬ ಹುಡುಗಿ ಸೇರಿದಳು. ಅವಳನ್ನು ದೊಡ್ಡ ಸೆಟ್ಟರ್ ಅನ್ನೋಣ. ಚೆಂಡು ಅವಳ ಬೆರಳು ಮುಟ್ಟಿ ಹೋಗುವಾಗ ಸದ್ದೇ ಬರುತ್ತಿರಲಿಲ್ಲ. ಮುಂದಕ್ಕೆ ಕೊಟ್ಟರೂ, ತಲೆಯ ಹಿಂದಕ್ಕೆ ಕೊಟ್ಟರೂ ಬೆನ್ನು ಒಂದೇ ಥರ ಬಾಗುತ್ತಿತ್ತು. ಎದುರಿನ ಬ್ಲಾಕರ್‌ಗಳು ತಪ್ಪು ಕಡೆಗೆ ಅರ್ಧ ಹೆಜ್ಜೆ ಇಟ್ಟ ಮೇಲೇ ಅವರಿಗೆ ಗೊತ್ತಾಗುತ್ತಿದ್ದದ್ದು. ಮೇಡಂ ಇಡೀ ಆಟವನ್ನು ಅವಳ ಸುತ್ತ ಕಟ್ಟಿದರು. 5-1 ಪದ್ಧತಿ, ಅಂದರೆ ಒಬ್ಬಳೇ ಸೆಟ್ಟರ್. ಸರ್ವಿಸ್ ಎದುರಾಳಿಯಿಂದ ಗೆದ್ದಾಗಲೆಲ್ಲ ಆರೂ ಜನ ಒಂದೊಂದು ಜಾಗ ಸುತ್ತುತ್ತಾರೆ, ಅದೇ ರೊಟೇಷನ್. ಆರೂ ರೊಟೇಷನ್‌ನಲ್ಲಿ ಎರಡನೇ ಚೆಂಡು ಅವಳದ್ದೇ. ಮೊದಲ ವರ್ಷ ಸೆಮಿಫೈನಲ್, ಎರಡನೇ ವರ್ಷ ಫೈನಲ್, ಮೂರನೇ ವರ್ಷ ಕಪ್.

ಆಮೇಲೆ ಅವಳ ಡಿಗ್ರಿ ಮುಗಿಯಿತು.

ಸಮಸ್ಯೆ

ಏಳನೇ ವರ್ಷ ನಾವು ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಕಪ್ ಗೆದ್ದ ಆರು ಜನರಲ್ಲಿ ನಾಲ್ವರು ಇನ್ನೂ ತಂಡದಲ್ಲಿದ್ದರು. ಅದೇ ಅಟ್ಯಾಕರ್‌ಗಳು, ಅದೇ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡಿ ಚೆಂಡು ಎತ್ತಿಕೊಳ್ಳುವವಳು. ಹುಡುಗಿಯರಿಗೆ ಸೊಕ್ಕು ಬಂದಿದೆ ಅಂತ ಎಲ್ಲರೂ ಅಂದರು. ಸೋತ ತಂಡಕ್ಕೆ ಹೇಳುವ ಮೊದಲ ಮಾತೇ ಅದು, ಅಲ್ವಾ?

ನನ್ನ ನೋಟ್‌ಬುಕ್ ಬೇರೆ ಕಥೆ ಹೇಳುತ್ತಿತ್ತು. ರಿಸೀವ್ ಹಿಂದಿನ ವರ್ಷದಷ್ಟೇ ಚೆನ್ನಾಗಿತ್ತು. ಚೆಂಡು ಸೆಟ್ಟರ್ ಹತ್ತಿರ ಸರಿಯಾಗೇ ಬರುತ್ತಿತ್ತು. ಕೆಡುತ್ತಿದ್ದದ್ದು ಅಲ್ಲಿಂದ ಮುಂದೆ. ಮೂರು ವರ್ಷ ಒಬ್ಬಳ ಕೈಯಿಂದಲೇ ಚೆಂಡು ಪಡೆದ ಅಟ್ಯಾಕರ್‌ಗಳು ಆ ಕೈಯ ಲೆಕ್ಕಕ್ಕೇ ಹೆಜ್ಜೆ ಹಾಕುತ್ತಿದ್ದರು. ಹೊಸ ಸೆಟ್ಟರ್‌ನ ಚೆಂಡು ಒಂದು ಕ್ಷಣ ತಡವಾಗಿ ಬರುತ್ತಿತ್ತು. ಇವರು ಅಷ್ಟರಲ್ಲಿ ಹಾರಿ ಕೆಳಗಿಳಿಯುತ್ತಿದ್ದರು. ನೆಟ್ಟಿನ ಎತ್ತರ 2.24 ಮೀಟರ್. ಇಳಿಯುತ್ತಿರುವ ಕೈಯಿಂದ ಅದರ ಮೇಲೆ ಹೊಡೆಯಲು ಆಗುವುದಿಲ್ಲ, ತಳ್ಳಬಹುದು ಅಷ್ಟೆ.

ಕಾಲೇಜು ಕೋಚ್‌ನ ವೃತ್ತಿಯಲ್ಲೇ ಇರುವ ಕಷ್ಟ ಇದು. ಕ್ಲಬ್ ತಂಡಗಳಲ್ಲಿ ಒಬ್ಬ ಸೆಟ್ಟರ್ ಹತ್ತು ವರ್ಷ ಉಳಿಯಬಹುದು. ಕಾಲೇಜಿನಲ್ಲಿ ಒಬ್ಬಳು ಆಟ ಕಲಿತು ಪಕ್ವವಾಗುವ ಹೊತ್ತಿಗೆ ಅವಳ ಕೊನೆಯ ಪರೀಕ್ಷೆ ಬಂದಿರುತ್ತದೆ.

ಏನೇನು ಮಾಡಿ ನೋಡಿದರು

ಮೊದಲು ಮೇಡಂ ಹೊರಗಿನಿಂದ ಒಬ್ಬ ಸಿದ್ಧ ಸೆಟ್ಟರ್ ಕರೆತಂದರು. ಒಳ್ಳೆಯ ಕೈ. ಆದರೆ ಅವಳು ಕಲಿತದ್ದು ಎತ್ತರದ, ನಿಧಾನದ ಚೆಂಡು ಕೊಡುವ ಆಟ. ನಮ್ಮದು ವೇಗದ ಆಟ. ಇಬ್ಬರಲ್ಲಿ ಯಾರು ಬದಲಾಗಬೇಕು ಅನ್ನುವುದು ತೀರ್ಮಾನವಾಗುವ ಮೊದಲೇ ಅವಳು ಬಿಟ್ಟು ಹೋದಳು.

ಆಮೇಲೆ ನಮ್ಮಲ್ಲೇ ಇದ್ದ ಒಬ್ಬಳನ್ನು ನಿಲ್ಲಿಸಿ ಬೆಂಚಿನಿಂದ ಕೈಸನ್ನೆ ಮಾಡಲು ಶುರು ಮಾಡಿದರು. ಎದುರಾಳಿ ಸರ್ವಿಸ್ ಮಾಡುವ ಮೊದಲು ಒಂದು ಬೆರಳು ತೋರಿಸಿದರೆ ಮಧ್ಯಕ್ಕೆ ಚಿಕ್ಕ ಚೆಂಡು. ಎರಡು ತೋರಿಸಿದರೆ ಎಡತುದಿಗೆ. ಮುಷ್ಟಿ ಅಂದರೆ ಹಿಂದಕ್ಕೆ. ಸ್ವತಃ ಸೆಟ್ಟರ್ ಆಗಿದ್ದವರಿಗೆ ಇದು ಸುಲಭವಾಗಿ ಬರುವ ಆಸೆ. ಕೈ ಅವಳದ್ದು, ತಲೆ ನನ್ನದು ಅನ್ನುವ ಆಸೆ. ಒಂದು ಪಂದ್ಯದಲ್ಲಿ ಮೇಡಂ ಒಂದು ಬೆರಳು ತೋರಿಸಿದರು. ರಿಸೀವ್ ಕೆಟ್ಟು ಚೆಂಡು ನೆಟ್ಟಿನಿಂದ ಮೂರು ಮೀಟರ್ ಹಿಂದೆ ಬಿತ್ತು. ಅಷ್ಟು ದೂರದಿಂದ ಮಧ್ಯಕ್ಕೆ ಚಿಕ್ಕ ಚೆಂಡು ಕೊಡುವುದು ಹುಚ್ಚು. ಆ ಹುಡುಗಿ ಓಡಿ ಹೋಗಿ ಅದನ್ನೇ ಕೊಟ್ಟಳು. ಚೆಂಡು ನಮ್ಮ ಕಡೆಯೇ ನೆಲಕ್ಕೆ ಬಿತ್ತು. ಅವಳು ತಿರುಗಿ ಬೆಂಚಿನ ಕಡೆ ನೋಡಿದಳು. ಆ ನೋಟದಲ್ಲಿ ತಪ್ಪು ಮಾಡಿದ ಭಾವ ಇರಲಿಲ್ಲ. ನೀವು ಹೇಳಿದ್ದು ಮಾಡಿದೆ, ಮುಂದೇನು ಅನ್ನುವ ನೋಟ ಅದು.

ಗೋಡೆಗೆ ಸಾವಿರ ಚೆಂಡು ಹಾಕಿಸುವುದೂ ನಡೆಯಿತು. ಬೆರಳು ಗಟ್ಟಿಯಾದವು. ಗೋಡೆಗೆ ಬ್ಲಾಕ್ ಮಾಡಲು ಬರುವುದಿಲ್ಲ ಅನ್ನುವುದನ್ನು ನಾವು ಮರೆತಿದ್ದೆವು.

ಎಂಟನೇ ವರ್ಷ ಕಾಲೇಜಿನ ಆಡಳಿತದವರು ಮೇಡಂರನ್ನು ಕರೆದು ಒಂದು ವರ್ಷದ ಗಡುವು ಕೊಟ್ಟರು. ಮಾತು ಮರ್ಯಾದೆಯಾಗೇ ಇತ್ತು.

ತಿರುವು

ಆ ದಿನಗಳಲ್ಲೇ ದೊಡ್ಡ ಸೆಟ್ಟರ್ ಒಮ್ಮೆ ನೋಡಲು ಬಂದಳು. ಅಭ್ಯಾಸ ಮುಗಿದು ನೆಟ್ ಬಿಚ್ಚುತ್ತಿದ್ದೆವು. ಅವಳು ಒಂದು ತುದಿ ಹಿಡಿದು ಸುತ್ತುತ್ತಲೇ ಕೇಳಿದಳು.

‘ಮೇಡಂ, ನನ್ನ ಹೆಬ್ಬೆರಳು ಊದಿದ್ದ ದಿನ ನೆನಪಿದೆಯಾ?’

‘ಟೇಪ್ ಸುತ್ಕೊಂಡು ಆಡಿದೆಯಲ್ಲ. ಗೆದ್ವಿ ಕೂಡ.’

‘ಗೆದ್ವಿ. ಅವತ್ತು ಬೆಂಚಲ್ಲಿ ಇನ್ನೊಬ್ಳು ಸೆಟ್ಟರ್ ಕೂತಿದ್ಲು. ಅವಳನ್ನ ಯಾಕೆ ಇಳಿಸ್ಲಿಲ್ಲ ಮೇಡಂ?’

ಮೇಡಂ ಏನೋ ಹೇಳಲು ಹೋಗಿ ಸುಮ್ನಾದರು. ಅವತ್ತು ರಾತ್ರಿ ನನಗೆ ಫೋನ್ ಬಂತು. ದೊಡ್ಡ ಸೆಟ್ಟರ್ ಇದ್ದ ಮೂರು ವರ್ಷದಲ್ಲಿ ಎರಡನೇ ಸೆಟ್ಟರ್ ಒಟ್ಟು ಎಷ್ಟು ರ‍್ಯಾಲಿ ಆಡಿದ್ದಾಳೆ ಎಣಿಸಿ ಹೇಳು ಅಂದರು. ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ಕೂತೆ. ಹದಿನೇಳು. ಮೂರು ವರ್ಷದಲ್ಲಿ ಹದಿನೇಳು ರ‍್ಯಾಲಿ. ಹೆಚ್ಚಿನವು ನಾವು 23-10ರಂತೆ ಮುಂದಿದ್ದಾಗ ಆಡಿದ್ದು. ಫೋನಿನ ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

ಈ ಪ್ರಕರಣದ ನಡುಗಂಬ ಈ ಸಂಖ್ಯೆಯೇ. ಮೇಡಂಗೆ ಎರಡನೇ ಸೆಟ್ಟರ್ ಸಿಕ್ಕಿರಲಿಲ್ಲ ಅನ್ನುವುದು ಸುಳ್ಳು. ಇದ್ದಳು. ಮೂರು ವರ್ಷ ಟ್ರ್ಯಾಕ್‌ಸೂಟ್ ಹಾಕಿಕೊಂಡು ಚಪ್ಪಾಳೆ ತಟ್ಟಿದಳು, ಹೋದಳು.

ಅವರು ತೆಗೆದುಕೊಂಡ ತೀರ್ಮಾನ ನೋಡಲು ಸಣ್ಣದು. ಪ್ರತಿ ಸೆಟ್ಟಿನಲ್ಲೂ ಒಮ್ಮೆ ಜೋಡಿ ಬದಲಾವಣೆ, ಅಂಕ ಎಷ್ಟೇ ಇರಲಿ. ಇದು ಹೊಸ ಉಪಾಯವೇನಲ್ಲ. ಸೆಟ್ಟರ್ ಸುತ್ತಿ ಮುಂದಿನ ಸಾಲಿಗೆ ಬಂದಾಗ ಮುಂದೆ ಹೊಡೆಯುವವರು ಇಬ್ಬರೇ ಉಳಿಯುತ್ತಾರೆ. ಅದೇ ಹೊತ್ತಿಗೆ ಅವಳ ಎದುರು ಮೂಲೆಯ ಅಟ್ಯಾಕರ್ ಹಿಂದಿನ ಸಾಲಿಗೆ ಹೋಗಿರುತ್ತಾಳೆ. ಆಗ ಇಬ್ಬರನ್ನೂ ಒಟ್ಟಿಗೆ ಬದಲಿಸಿದರೆ ಹಿಂದೆ ಎರಡನೇ ಸೆಟ್ಟರ್, ಮುಂದೆ ಹೊಸ ಅಟ್ಯಾಕರ್. ಮುಂದೆ ಮತ್ತೆ ಮೂವರು. ಮೂರು ರೊಟೇಷನ್ ಆದ ಮೇಲೆ ಹಳಬರು ವಾಪಸ್. ಎಷ್ಟೋ ಕೋಚ್‌ಗಳು ಬೇಕೆನಿಸಿದಾಗ ಇದನ್ನು ಮಾಡುತ್ತಾರೆ. ಮೇಡಂ ಬೇಡವೆನಿಸಿದಾಗಲೂ ಮಾಡುತ್ತೇನೆ ಅಂದರು.

ಇದಕ್ಕೆ ಬೆಲೆ ಇದೆ. ಒಂದು ಸೆಟ್ಟಿಗೆ ಆರೇ ಬದಲಾವಣೆ. ಲಿಬೆರೊ ಒಳಗೆ ಹೊರಗೆ ಓಡಾಡುವುದು ಲೆಕ್ಕಕ್ಕಿಲ್ಲ. ಇಬ್ಬರನ್ನು ಬದಲಿಸಿ, ಆಮೇಲೆ ಹಳಬರಿಬ್ಬರನ್ನು ವಾಪಸ್ ಇಳಿಸಿದರೆ ನಾಲ್ಕು ಮುಗಿಯಿತು. ಮತ್ತೆ, ಹೊರಬಂದ ಆಟಗಾರ್ತಿ ಆ ಸೆಟ್ಟಿನಲ್ಲಿ ಒಮ್ಮೆ ಮಾತ್ರ ಒಳಗೆ ಹೋಗಬಹುದು, ಅದೂ ತನ್ನ ಜಾಗಕ್ಕೆ ಬಂದವಳ ಬದಲಿಗೇ. ಉಳಿದ ಎರಡು ಬದಲಾವಣೆಯಲ್ಲಿ ಪೆಟ್ಟು, ಸುಸ್ತು, ಸರ್ವಿಸ್‌ಗೆ ಒಳ್ಳೆಯವಳನ್ನು ಇಳಿಸುವುದು ಎಲ್ಲ ನಡೆಯಬೇಕು.

ಮೇಡಂ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು: ‘ನಾನು ಬೇಡ ಅಂದ್ರೂ ಇಬ್ಬರನ್ನ ಎಬ್ಬಿಸಿ ನಿಲ್ಲಿಸು.’ ನೋಟ್‌ಬುಕ್ಕಿನ ರಟ್ಟಿನ ಒಳಗೆ ಅದು ಈಗಲೂ ಇದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಜಾಣತನದ್ದು ಅನಿಸಿದ್ದು ಈ ಚೀಟಿ. 19-17 ಇರುವಾಗ ತಾನು ಏನು ಮಾಡುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ 0-0 ಇರುವಾಗಲೇ ನಿರ್ಧಾರ ಮಾಡಿಬಿಟ್ಟರು.

ಅಭ್ಯಾಸವೂ ಬದಲಾಯಿತು. ವಾರಕ್ಕೆ ಎರಡು ದಿನ ಮೊದಲ ಆರು ಜನರನ್ನು ಒಡೆದು ಮಿಶ್ರ ಮಾಡುತ್ತಿದ್ದರು. ಒಳ್ಳೆಯ ಅಟ್ಯಾಕರ್‌ಗಳಿಗೆ ಎರಡನೇ ಸೆಟ್ಟರ್, ಬೆಂಚಿನವರಿಗೆ ಮೊದಲ ಸೆಟ್ಟರ್. ಬೆರಳ ಸನ್ನೆ ನಿಂತಿತು.

19-17

ಒಂಬತ್ತನೇ ವರ್ಷದ ಸೆಮಿಫೈನಲ್. ನಾವು 2-1 ಮುಂದಿದ್ದೆವು. ನಾಲ್ಕನೇ ಸೆಟ್ಟಿನಲ್ಲಿ 19-17. ಆ ಅಂಕ ಗೆದ್ದು ಸುತ್ತಿದಾಗ ನಮ್ಮ ಸೆಟ್ಟರ್ ಮುಂದಿನ ಸಾಲಿಗೆ ಬಂದಳು. ಚೀಟಿಯ ಹೊತ್ತು. ನಾನು ಎದ್ದು ಮೇಡಂ ಮುಖ ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ, ಕೈ ಮಾತ್ರ ಆಡಿಸಿದರು. ಇಬ್ಬರೂ ಒಳಗೆ ಹೋದರು.

ಈ ಬದಲಾವಣೆಯ ಒಂದು ಕೊಂಕು ಹೊರಗಿನವರಿಗೆ ಕಾಣುವುದಿಲ್ಲ. ಒಳಗೆ ಹೋದ ಎರಡನೇ ಸೆಟ್ಟರ್ ಮೊದಲು ಮಾಡಬೇಕಾದದ್ದು ಸರ್ವಿಸ್. ಅರ್ಧ ಗಂಟೆ ಕೂತಿದ್ದ ತಣ್ಣನೆಯ ತೋಳು. ರೆಫರಿ ಸೀಟಿ ಊದಿದ ಮೇಲೆ ಎಂಟು ಸೆಕೆಂಡು ಸಮಯ. ಅವಳು ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದಳು. ನಾಲ್ಕನೇ ಸಲ ಬಡಿಯಲು ಹೋಗಿ ನಿಲ್ಲಿಸಿದಳು. ಹೊಡೆದದ್ದು ನೆಟ್ಟಿನ ಪಟ್ಟಿಗೆ. 19-18.

ಅಲ್ಲಿಗೆ ಮುಗಿಯಲಿಲ್ಲ. ಈಗ ಸೆಟ್ಟರ್ ಒಂದನೇ ಸ್ಥಾನದಲ್ಲಿ, ಅಂದರೆ ಹಿಂದಿನ ಸಾಲಿನ ಬಲಮೂಲೆಯಲ್ಲಿ, ಇರುವಾಗ ರಿಸೀವ್ ಮಾಡಬೇಕು. 5-1 ಆಡುವ ತಂಡಗಳಿಗೆ ತಲೆನೋವು ತರುವ ಜಾಗ ಇದು. ಎಡಗಡೆ ಹೊಡೆಯುವವಳು ಬಲಗಡೆ ನಿಂತಿರುತ್ತಾಳೆ, ಬಲಗಡೆಯವಳು ಎಡಗಡೆ. ಸರ್ವಿಸ್ ಹೊಡೆಯುವ ತನಕ ಜಾಗ ಅದಲುಬದಲು ಮಾಡಿಕೊಳ್ಳುವಂತಿಲ್ಲ. ಎದುರಾಳಿ ಕೋಚ್‌ಗೆ ಇದು ಗೊತ್ತಿತ್ತು. ಸರ್ವಿಸ್ ಎಲ್ಲ ಬಲಮೂಲೆಗೆ ಬಂದವು. 19-19, 19-20, 19-21. ಮೇಡಂ ಟೈಮ್ ಔಟ್ ತಗೊಂಡರು. 30 ಸೆಕೆಂಡಿನಲ್ಲಿ ಹೇಳಿದ್ದು ಒಂದೇ ಮಾತು: ‘ಮೊದಲ ಚೆಂಡು ಎತ್ತರಕ್ಕೆ ಕೊಡಿ, ಅವಳಿಗೆ ಟೈಮ್ ಸಿಗಲಿ.’

ಸೆಟ್ 22-25ಕ್ಕೆ ಹೋಯಿತು. ಐದನೇ ಸೆಟ್ಟಿನಲ್ಲೂ ಬದಲಾವಣೆ ಮಾಡಿದರು. 13-15. ಆ ವರ್ಷ ಅಲ್ಲಿಗೆ ಮುಗಿಯಿತು.

ನಾಯಕಿ ಬಸ್ಸಿನಲ್ಲಿ ಮೇಡಂ ಪಕ್ಕ ಕೂರಲಿಲ್ಲ. ಎರಡು ವಾರ ನೇರ ಮಾತೂ ಆಡಲಿಲ್ಲ. ಆಡಳಿತದ ಸಭೆಗೆ ನಾನೂ ಹೋಗಿದ್ದೆ. ಒಬ್ಬರು ಕೇಳಿದರು, ‘19-17 ಇರುವಾಗ ಆಡುತ್ತಿರೋ ಹುಡುಗೀನ ಯಾರಾದರೂ ಹೊರಗೆ ತೆಗೀತಾರಾ?’

ಮೇಡಂ ಅಂದರು, ‘ಮುಂದಿನ ವರ್ಷ ಕಾಲೇಜೇ ಅವಳನ್ನ ಹೊರಗೆ ತೆಗೆಯುತ್ತೆ ಸರ್. ಡಿಗ್ರಿ ಕೊಟ್ಟು.’

ಯಾರೂ ನಗಲಿಲ್ಲ. ಆದರೆ ಇನ್ನೊಂದು ವರ್ಷ ಸಿಕ್ಕಿತು.

ಏನಾಯಿತು

ಹತ್ತನೇ ವರ್ಷ, 19-17ರಲ್ಲಿ ನೆಟ್ಟಿಗೆ ಹೊಡೆದ ಹುಡುಗಿಯೇ ಮೊದಲ ಸೆಟ್ಟರ್. ಅವಳ ಹಿಂದಿನವಳ ಡಿಗ್ರಿ ಮುಗಿದಿತ್ತು. ಮೂರು ವರ್ಷ ಹಿಂದೆ ಇದೇ ಥರದ ವರ್ಷದಲ್ಲಿ ನಾವು ಮೊದಲ ಸುತ್ತಿಗೇ ಮನೆಗೆ ಬಂದಿದ್ದೆವು. ಈ ಸಲ ಸೆಮಿಫೈನಲ್ ತನಕ ಹೋದೆವು. ಅಟ್ಯಾಕರ್‌ಗಳಿಗೆ ಅವಳ ಕೈ ಆಗಲೇ ಪರಿಚಯ. ಅವಳು ಹಿಂದಿನ ಒಂದೇ ವರ್ಷದಲ್ಲಿ ಆಡಿದ ರ‍್ಯಾಲಿ 400ಕ್ಕೂ ಜಾಸ್ತಿ ಅಂತ ನನ್ನ ಗೆರೆಗಳು ಹೇಳುತ್ತವೆ. ತಮಾಷೆ ಅಂದರೆ, ಜೋಡಿ ಬದಲಾವಣೆಯಲ್ಲಿ ಈಗ ಹೊರಗೆ ಬರುವ ಸರದಿ ಅವಳದ್ದು. ಪ್ರತಿ ಸಲ ಮುಖ ಊದಿಸಿಕೊಂಡೇ ಬರುತ್ತಿದ್ದಳು.

ಆಮೇಲಿನ ನಾಲ್ಕು ವರ್ಷ ಕ್ವಾರ್ಟರ್ ಫೈನಲ್, ಫೈನಲ್, ಸೆಮಿ, ಸೆಮಿ. ಫೈನಲ್ ಸೋತೆವು. ಕಪಾಟಿನಲ್ಲಿ ಎರಡನೇ ಕಪ್ ಬರಲೇ ಇಲ್ಲ. ಮೊದಲ ಸುತ್ತಿನಲ್ಲಿ ಮಾತ್ರ ಮತ್ತೆ ಯಾವತ್ತೂ ಸೋಲಲಿಲ್ಲ. ಇದನ್ನು ಯಶಸ್ಸು ಅನ್ನಬೇಕಾ? ನಮ್ಮ ಕಾಲೇಜಿನಲ್ಲಿ ಈಗಲೂ ಎರಡು ಪಂಗಡ ಇದೆ. ಕಪ್ಪಿನ ವರ್ಷವನ್ನೇ ನೆನೆಯುವವರು ಒಂದು ಕಡೆ, ನನ್ನಂಥವರು ಇನ್ನೊಂದು ಕಡೆ.

ದೊಡ್ಡ ಮಟ್ಟದಲ್ಲೂ ಇಂಥದ್ದು ನಡೆದಿದೆ. ಲಾಂಗ್ ಪಿಂಗ್ 2013ರಲ್ಲಿ ಚೀನಾ ಮಹಿಳಾ ತಂಡದ ಹೊಣೆ ಹೊತ್ತ ಮೇಲೆ ಒಂದೇ ಆರು ಜನಕ್ಕೆ ಅಂಟಿಕೊಳ್ಳದೆ ತುಂಬಾ ಆಟಗಾರ್ತಿಯರನ್ನು ಆಡಿಸಿ ನೋಡಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಗುಂಪಿನ ಐದು ಪಂದ್ಯಗಳಲ್ಲಿ ಮೂರು ಸೋತಿತು. ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲನ್ನು 3-2ರಿಂದ ಸೋಲಿಸಿ ಕೊನೆಗೆ ಚಿನ್ನ ಗೆದ್ದಿತು. ಮೇಡಂ ಆ ಪಂದ್ಯಗಳ ರೆಕಾರ್ಡಿಂಗ್ ನೋಡುವಾಗ ಚೆಂಡನ್ನು ನೋಡುತ್ತಿರಲಿಲ್ಲ. ಬೆಂಚಿನಲ್ಲಿ ಯಾರು ಯಾವಾಗ ಎದ್ದರು ಅನ್ನುವುದನ್ನೇ ನೋಡುತ್ತಿದ್ದರು.

ಇನ್ನೊಬ್ಬ ಕೋಚ್ ಇದರಿಂದ ಏನು ತೆಗೆದುಕೊಳ್ಳಬಹುದು ಅಂತ ಕೇಳಿದರೆ, ನಾನು ಮೊದಲು ತೋರಿಸುವುದು ಮೇಡಂ ಮಾಡಿದ ತಪ್ಪನ್ನು. ಒಂಬತ್ತನೇ ವರ್ಷ ಅವರು ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಚೀಟಿ ನನಗೆ ಗೊತ್ತಿತ್ತು, ನಾಯಕಿಗೆ ಗೊತ್ತಿರಲಿಲ್ಲ. ತನ್ನ ಕೊನೆಯ ವರ್ಷದ ಸೆಮಿಫೈನಲನ್ನು ಮುಂದಿನ ವರ್ಷದವರಿಗಾಗಿ ಬಿಟ್ಟುಕೊಟ್ಟ ಹಾಗೆ ಅವಳಿಗೆ ಅನಿಸಿತು. ಅವಳ ಸಿಟ್ಟು ಸರಿಯಾಗೇ ಇತ್ತು. ಹತ್ತನೇ ವರ್ಷದಿಂದ ಮೇಡಂ ಮೊದಲ ದಿನವೇ ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದರು. ಯಾರು ಯಾವ ವರ್ಷ ಹೋಗುತ್ತಾರೆ, ಅವರ ಜಾಗಕ್ಕೆ ಯಾರು, ಅವರಿಗೆ ಎಷ್ಟು ಆಟ ಸಿಗಬೇಕು. ಒಪ್ಪಿಗೆ ಇಲ್ಲದವರು ಅವತ್ತೇ ಜಗಳ ಆಡಬಹುದಿತ್ತು. ಆಡಿದರು ಕೂಡ.

ಐದನೇ ಸೆಟ್ಟಿನ ವಿಷಯದಲ್ಲಿ ನನಗೂ ಮೇಡಂಗೂ ಕೊನೆವರೆಗೂ ಒಮ್ಮತ ಬರಲಿಲ್ಲ. 15 ಅಂಕದ ಸೆಟ್ಟಿನಲ್ಲಿ ತರಬೇತಿಗೆ ಜಾಗ ಇಲ್ಲ ಅನ್ನುವುದು ನನ್ನ ವಾದ. ಅವರು ಬಾಯಲ್ಲಿ ಒಪ್ಪಲಿಲ್ಲ. ಆದರೆ ಮುಂದಿನ ವರ್ಷದಿಂದ ಐದನೇ ಸೆಟ್ಟಿನಲ್ಲಿ ಬದಲಾವಣೆ ನಿಲ್ಲಿಸಿದರು. ಬದಲಿಗೆ, ಮೊದಲ ಸರ್ವಿಸ್ ಎದುರಾಳಿಯದ್ದಾದರೆ ಸೆಟ್ಟರ್‌ಳನ್ನು ಆರನೇ ಸ್ಥಾನದಿಂದ, ಅಂದರೆ ಹಿಂದಿನ ಸಾಲಿನ ನಡುವಿನಿಂದ, ಶುರು ಮಾಡಿಸುತ್ತಿದ್ದರು. ಆಗ ಆ ಕಷ್ಟದ ರಿಸೀವ್ ಬರುವುದು ಐದು ಸುತ್ತು ಕಳೆದ ಮೇಲೆ. ಚಿಕ್ಕ ಸೆಟ್ಟಿನಲ್ಲಿ ಅದು ಎದುರಾಗುವ ಸಲ ಕಡಿಮೆ. ಚೀಟಿಯಲ್ಲಿ ಇದನ್ನು ಬರೆದುಕೊಡಲಿಲ್ಲ. ಸುಮ್ನೆ ಮಾಡಿದರು.

ಪಾಠ ಅರ್ಧವೇ ಕಲಿತಿದ್ದರು ಅನ್ನುವುದಕ್ಕೂ ಸಾಕ್ಷಿ ಇದೆ. ಹನ್ನೊಂದನೇ ವರ್ಷದ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಲಿಬೆರೊ ಕಾಲು ಉಳುಕಿಸಿಕೊಂಡಳು. ಎರಡನೇ ಲಿಬೆರೊ ಆಗಿ ಯಾರನ್ನೂ ತಯಾರು ಮಾಡಿರಲಿಲ್ಲ. ಸೆಟ್ಟರ್ ಜಾಗಕ್ಕೆ ಹಾಳೆಯ ಮೇಲೆ ಮೂರು ಹೆಸರಿದ್ದವು, ಲಿಬೆರೊ ಜಾಗಕ್ಕೆ ಒಂದೇ. ಅಡ್ಡಗೆರೆಗಳಿಗೆ ಅವತ್ತಿನ ಪುಟದಲ್ಲಿ ಜಾಗ ಸಾಲಲಿಲ್ಲ.

ಕೊನೆಯ ಎರಡು ವರ್ಷ

ಹದಿಮೂರನೇ ವರ್ಷದಿಂದ ಮೇಡಂ ಪ್ರತಿ ಟೂರ್ನಿಯಲ್ಲೂ ಒಂದು ಪಂದ್ಯಕ್ಕೆ ಬೆಂಚಿನಲ್ಲಿ ಕೂರುವುದನ್ನು ಬಿಟ್ಟರು. ಆ ಪಂದ್ಯ ನನ್ನದು. ಮೊದಲ ಸಲ ಹೇಳಿದಾಗ ನಾನು ಒಳ್ಳೆ ಪಂದ್ಯ ಬೇಡ, ಸುಲಭದ್ದು ಕೊಡಿ ಅಂದೆ. ‘23-10 ಇರುವಾಗ ಇಳಿಸಿದ್ರೆ ಏನು ಪ್ರಯೋಜನ?’ ಅಂದರು. ನನಗೆ ಆಗ ಅರ್ಥವಾಯಿತು, ಗೋಡೆಯ ಹಾಳೆಯಲ್ಲಿ ಬರೆಯದ ಒಂದು ಸಾಲು ಇದೆ, ಅದರಲ್ಲಿ ಅವರ ಹೆಸರಿನ ಮುಂದೆ ನನ್ನ ಹೆಸರಿದೆ.

ಆ ಪಂದ್ಯ ಸೋತೆ. ಎರಡೂ ಟೈಮ್ ಔಟ್‌ಗಳನ್ನು ಸೆಟ್ಟಿನ ಮೊದಲ ಹತ್ತು ಅಂಕದಲ್ಲೇ ಖರ್ಚು ಮಾಡಿದ್ದೆ. ಮೇಡಂ ಗ್ಯಾಲರಿಯಿಂದ ಇಳಿದು ಬಂದು ನೀರಿನ ಬಾಟಲಿಗಳನ್ನು ಬುಟ್ಟಿಗೆ ತುಂಬಿದರು. ಪಂದ್ಯದ ಬಗ್ಗೆ ಏನೂ ಹೇಳಲಿಲ್ಲ. ಹದಿನಾಲ್ಕನೇ ವರ್ಷದ ಕೊನೆಗೆ ರಾಜೀನಾಮೆ ಕೊಟ್ಟರು.

ಈಗ ಬೆಂಚ್ ನನ್ನದು. ನೋಟ್‌ಬುಕ್ ಇನ್ನೊಬ್ಬರ ಕೈಯಲ್ಲಿದೆ. ಮೇಡಂ ಹೋದ ಮೊದಲ ವರ್ಷ ನಾವು ಕ್ವಾರ್ಟರ್ ಫೈನಲ್ ಆಡಿದೆವು. ನಾಲ್ಕನೇ ಸೆಟ್ಟಿನಲ್ಲಿ ಅಂಕ ಬಿಗಿಯಾಗಿತ್ತು, ನಮ್ಮ ಸೆಟ್ಟರ್ ಮುಂದಿನ ಸಾಲಿಗೆ ಬಂದಳು. ಬದಲಾವಣೆ ಈಗ ಬೇಡ ಅಂತ ನನಗೆ ಬಲವಾಗಿ ಅನಿಸಿತು. ತಿರುಗಿ ನೋಡಿದರೆ ನನ್ನ ಸಹಾಯಕ ಇಬ್ಬರು ಹುಡುಗಿಯರನ್ನು ಆಗಲೇ ಎಬ್ಬಿಸಿ ನಿಲ್ಲಿಸಿದ್ದ.